ಸಿಎಂಎಲ್ ಮಾತ್ರೆ ನುಂಗುವವರು ಉಪವಾಸ ಹಿಡಿಯುವ ಮುನ್ನ

ಉಪವಾಸವಿದ್ದರೆ ಆಟೋಫೇಜಿ ಶುರುವಾಗಿ ಕ್ಯಾನ್ಸರ್ ತಾನಾಗಿ ಕರಗುತ್ತದೆ ಎಂಬ ಮೊಬೈಲ್ ಸಂದೇಶ ನಿಮಗೂ ಬಂದಿರಬಹುದು. ಮೂಳೆ ಮಜ್ಜೆಯ ದೀರ್ಘಕಾಲದ ಕ್ಯಾನ್ಸರ್ ಆದ ಸಿಎಂಎಲ್ ಇರುವವರು ಅದನ್ನು ನಂಬಿ ಮಾತ್ರೆ ಬಿಡಲೇಬೇಡಿ.

ಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಜೀರ್ಣಚೀಲದಲ್ಲಿ ಕರಗಿಸಿ ಮತ್ತೆ ಬಳಸಿಕೊಳ್ಳುವುದೇ ಆಟೋಫೇಜಿ. ಇದರ ಒಳಗುಟ್ಟು ಬಿಡಿಸಿದ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು. ಆರೋಗ್ಯವಂತ ಕೋಶಕ್ಕೆ ಇದು ಬೇಕೇ ಬೇಕು. ಆದರೆ ಕ್ಯಾನ್ಸರ್ ಕೋಶಕ್ಕೂ ಇದೇ ಆಸರೆ. ಸಿಎಂಎಲ್‌ನಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಈ ಕ್ಯಾನ್ಸರಿಗೆ ಕಾರಣವಾದ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಸಿಎಂಎಲ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಅದರ ಕೆಲಸ ನಿಲ್ಲಿಸುತ್ತದೆ. ಆಗ ಕೆಲವು ಕೋಶಗಳು ಆಟೋಫೇಜಿಯನ್ನು ಹೆಚ್ಚಿಸಿಕೊಂಡು ಜೀವ ಹಿಡಿದುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಆಟೋಫೇಜಿ ತಡೆಯುವ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಹಾಕಿ ಆ ದಾರಿ ಮುಚ್ಚಿದಾಗ ಇಮ್ಯಾಟಿನಿಬ್‌ಗೆ ಇನ್ನಷ್ಟು ಕೋಶಗಳು ಸತ್ತವು.

ಹಾಗೆಂದು ಔಷಧಿ ಅಂಗಡಿಯಿಂದ ಅದೇ ಗುಂಪಿನ ಹೈಡ್ರಾಕ್ಸಿಕ್ಲೋರೋಕ್ವಿನ್ ತಂದು ನುಂಗಬೇಡಿ. ಅದು ಹೃದಯ ಬಡಿತದ ಲಯ ಕೆಡಿಸಬಲ್ಲದು. ಸಿಎಂಎಲ್‌ನ ಇನ್ನೊಂದು ಮಾತ್ರೆ ನಿಲೋಟಿನಿಬ್‌ಗೂ ಅದೇ ಗುಣವಿದೆ. ಎರಡೂ ಸೇರಿದರೆ ಪ್ರಾಣಕ್ಕೇ ಅಪಾಯ.

ಇಮ್ಯಾಟಿನಿಬ್ ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ. ಮುದ್ದೆಯೋ ಅನ್ನವೋ, ಊಟದ ಜೊತೆಗೇ, ದೊಡ್ಡ ಲೋಟ ನೀರಿನಲ್ಲಿ ನುಂಗಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚು, ಇದರಿಂದ ಕೆಲವರು ಮಾತ್ರೆ ಬಿಡುವುದೂ ಉಂಟು. ಏಕಾದಶಿಯಿದ್ದರೆ ಫಲಾಹಾರದ ಜೊತೆ, ರಂಜಾನಿನಲ್ಲಿ ಇಫ್ತಾರ್ ಊಟದ ಜೊತೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ನಿಲೋಟಿನಿಬ್‌ನದು ಇದಕ್ಕೆ ತದ್ವಿರುದ್ಧ: ನುಂಗುವ 2 ಗಂಟೆ ಮೊದಲು, 1 ಗಂಟೆ ನಂತರ ಏನೂ ತಿನ್ನಬಾರದು.

ದೇವನಹಳ್ಳಿ ಚಕ್ಕೋತ ಬೇಡ. ಆ ಜಾತಿಯ ಹಣ್ಣುಗಳು ಔಷಧವನ್ನು ಕರಗಿಸುವ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಔಷಧದ ಪ್ರಮಾಣ ಏರಬಹುದು. ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಈ ನಿರ್ಬಂಧವಿಲ್ಲ.

ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ನುಂಗಬೇಡಿ. ಕಣ್ಣಿನ ಸುತ್ತ ಊತ, ಕಾಲು ಸೆಳೆತ ಬಂದರೆ ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ತಿಳಿಸಿ.

3 ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆ ಆಗಲೇಬೇಕು, ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ. ಅಂತರರಾಷ್ಟ್ರೀಯ ಅಳತೆಯಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಚಿಕಿತ್ಸೆ ಶುರುವಾದ 3ನೇ ತಿಂಗಳಿಗೆ 10%, 6ಕ್ಕೆ 1%, 12ಕ್ಕೆ 0.1% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದಾರಿ ಸರಿಯಿದೆ. ಏರಿದರೆ ಎಷ್ಟು ಮಾತ್ರೆ ತಪ್ಪಿವೆ ಎಂದು ಮುಚ್ಚಿಡದೆ ಹೇಳಿ; ತಪ್ಪಿಲ್ಲವಾದರೆ ಔಷಧ ನಾಟದಂತೆ ಬಿಸಿಆರ್-ಎಬಿಎಲ್ ಬದಲಾಗಿದೆಯೇ ಎಂದು ನೋಡುವ ಮ್ಯುಟೇಶನ್ ಪರೀಕ್ಷೆ ಕೇಳಿ. ತುಮಕೂರು, ಕೋಲಾರದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಮಾತ್ರೆಯ ಕೊನೆಯ ಪಟ್ಟಿ ಮುಗಿಯುವವರೆಗೆ ಕಾಯದೆ, ಒಂದು ವಾರದ ಮಾತ್ರೆ ಕೈಯಲ್ಲಿರುವಾಗಲೇ ಹೊರಡಿ.