ಹಳೆಯ ಬಂದೂಕಿನ ಟ್ರಿಗರ್, ಸೇಫ್ಟಿ ಸರಿಯಿದೆಯಾ? ಮನೆಯಲ್ಲೇ ನೋಡುವುದು ಹೇಗೆ

ಹಾನಗಲ್ ಕಡೆ ಇರುವ ನಮ್ಮ ಕಾಕಾ ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಜೋಡು ನಳಿಗೆ ಬಂದೂಕು ಕೊಂಡರು. 12 ಬೋರ್ (ನಳಿಗೆಯ ಅಳತೆ). ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗುತ್ತವೆ, ಒಂದು ಸದ್ದು ಕೇಳಿಸಿದರೆ ಓಡುತ್ತವೆ ಅನ್ನುವ ಲೆಕ್ಕ. ಮಳೆಗಾಲ ಶುರುವಾಗುತ್ತಿದ್ದಂತೆ ಫೋನ್ ಬಂತು. "ತಮ್ಮಾ, ಇದರ ಸೇಫ್ಟಿ ಒಮ್ಮೆ ಸರಿತೈತಿ, ಒಮ್ಮೆ ಸರಿಯಂಗಿಲ್ಲ. ಎಡಗಡೆ ನಳಿಗಿ ಬಗ್ಗೆ ಅಂತೂ ನನಗ ಅಂಜಿಕಿ ಆಗೈತಿ."

ಸೇಫ್ಟಿ ಅಂದರೆ ಟ್ರಿಗರ್ ಎಳೆದರೂ ಗುಂಡು ಹಾರದಂತೆ ತಡೆಯುವ ಜಾರುಗುಂಡಿ. ಅಂಜಿಕೆ ಆದದ್ದೇ ಒಳ್ಳೆಯದಾಯಿತು. ಇಂಥ ಬಂದೂಕು ಕೈಗೆ ಬಂದಾಗ ನಾವು ಮಾಡಬೇಕಾದದ್ದು ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು, ಅಷ್ಟೇ. ಒಳಗೆ ಬಿಚ್ಚುವುದು ನಮ್ಮ ಕೆಲಸವಲ್ಲ.

ಮೊದಲು ಖಾಲಿ ಮಾಡಿ

"ಖಾಲಿ ಐತಿ ಬಿಡೋ" ಅನ್ನುತ್ತಾ ಬಂದೂಕು ಕೈಗೆ ಕೊಡುವವರೇ ಜಾಸ್ತಿ. ನಂಬಬೇಡಿ. ತೋಟಾಗಳನ್ನೆಲ್ಲ ಡಬ್ಬಿಗೆ ಹಾಕಿ ಬೇರೆ ಕೋಣೆಯಲ್ಲಿಡಿ. ಮೇಲಿನ ಕೀಲಿಯನ್ನು ಪಕ್ಕಕ್ಕೆ ಒತ್ತಿ ಬಂದೂಕು ಮುರಿಯಿರಿ, ಅಂದರೆ ನಳಿಗೆ ಬಾಗಿಸಿ ಹಿಂಬದಿ ತೆರೆಯಿರಿ. ಎರಡೂ ನಳಿಗೆಯಲ್ಲಿ ಹಿಂಬದಿಯಿಂದ ಕಣ್ಣಿಟ್ಟು ಆಚೆಯ ಬೆಳಕು ಕಾಣುತ್ತದಾ ನೋಡಿ. ಕಿರುಬೆರಳು ಹಾಕಿಯೂ ನೋಡಿ. ಪಂಪ್ ಆ್ಯಕ್ಷನ್ (ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ) ಬಂದೂಕಾದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದು ತೋಟಾ ಉಳಿದಿರಬಹುದು, ಅಲ್ಲಿಗೂ ಬೆರಳು ಹೋಗಲಿ. ಪರೀಕ್ಷೆ ಮುಗಿಯುವ ತನಕ ನಳಿಗೆಯ ಬಾಯಿ ಗೋಡೆಯಾಚೆ ಯಾರೂ ಇಲ್ಲದ ದಿಕ್ಕಿಗಿರಬೇಕು.

ಇನ್ನು ಡಮ್ಮಿ ತೋಟಾ ಬೇಕು. ಇದರಲ್ಲಿ ಮದ್ದಿರುವುದಿಲ್ಲ. ತೋಟಾ ಹೊತ್ತಿಸುವ ಪಿನ್ ಬಡಿಯುವ ಜಾಗದಲ್ಲಿ ಸ್ಪ್ರಿಂಗ್ ಅಥವಾ ರಬ್ಬರ್ ಇರುತ್ತದೆ. ಏನೂ ಹಾಕದೆ ಸುಮ್ನೆ ಟಕ್ ಟಕ್ ಅನಿಸುತ್ತಾ ಹೋದರೆ ಹಳೆಯ ಬಂದೂಕಿನ ಪಿನ್ ಮುರಿಯಬಹುದು. ನಿಜವಾದ ತೋಟಾ ಹಾಕಿ ಪರೀಕ್ಷೆ ಮಾಡುವ ಮಾತೇ ಬೇಡ.

ನಾಲ್ಕು ಪರೀಕ್ಷೆ

ಬಂದೂಕು ಮುರಿದು, ಎರಡೂ ನಳಿಗೆಗೆ ಡಮ್ಮಿ ಹಾಕಿ ಮುಚ್ಚಿದರೆ ಪಿನ್‌ಗೆ ಬಡಿಯುವ ಒಳಗಿನ ಹ್ಯಾಮರ್ ಎರಡೂ ಏರಿ ನಿಲ್ಲುತ್ತವೆ. ಸೇಫ್ಟಿ ಹಾಕಿ. ಒಂದೊಂದೇ ಟ್ರಿಗರ್ ಗಟ್ಟಿಯಾಗಿ ಎಳೆಯಿರಿ. ಟಕ್ ಅನ್ನಬಾರದು.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಟ್ರಿಗರ್‌ನಿಂದ ಬೆರಳು ಪೂರ್ತಿ ತೆಗೆಯಿರಿ. ಈಗ ಸೇಫ್ಟಿಯನ್ನು ಮೆಲ್ಲಗೆ ಮುಂದೆ ಸರಿಸಿ ತೆಗೆಯಿರಿ. ಈ ಹೊತ್ತಿಗೆ ಟಕ್ ಅಂದರೆ ಬಂದೂಕನ್ನು ಅಲ್ಲೇ ಕೆಳಗಿಡಿ. ಹಿಂದೆ ಎಳೆದ ಟ್ರಿಗರ್‌ಗೆ ಹ್ಯಾಮರ್ ಅರ್ಧ ಜಾರಿ, ಸೇಫ್ಟಿ ತೆಗೆಯುವುದನ್ನೇ ಕಾಯುತ್ತಿತ್ತು ಎಂದರ್ಥ.

ಮೂರನೆಯದು ಸರಳ. ಸೇಫ್ಟಿ ತೆಗೆದೇ ಇರಲಿ, ಟ್ರಿಗರ್ ಎಳೆಯಿರಿ. ಮುಂದಿನ ಟ್ರಿಗರ್ ಸಾಮಾನ್ಯವಾಗಿ ಬಲ ನಳಿಗೆಯದು, ಹಿಂದಿನದು ಎಡದ್ದು. ಎರಡೂ ಚೊಕ್ಕವಾಗಿ ಟಕ್ ಅನ್ನಬೇಕು, ಬೆರಳು ಬಿಟ್ಟ ಕೂಡಲೇ ಟ್ರಿಗರ್ ಮುಂದಕ್ಕೆ ಬರಬೇಕು.

ನಾಲ್ಕನೆಯದಕ್ಕೆ ಬಾಗಿಲ ಬಳಿಯ ರಬ್ಬರ್ ಮ್ಯಾಟ್ ಸಾಕು. ಮತ್ತೆ ಮುರಿದು ಮುಚ್ಚಿ, ಸೇಫ್ಟಿ ತೆಗೆದು, ಬಾಯಿಯನ್ನು ನಿಮ್ಮ ಮುಖದಿಂದ ದೂರ ಇಟ್ಟು ಹಿಂಬದಿಯ ಕಟ್ಟಿಗೆಯನ್ನು ಮ್ಯಾಟ್ ಮೇಲೆ ಹಗುರಾಗಿ ಕುಟ್ಟಿ. ಯಾವ ಹ್ಯಾಮರೂ ಬೀಳಬಾರದು. ಕಾಕಾನ ಬಂದೂಕಿನಲ್ಲಿ ಎರಡನೇ ಕುಟ್ಟಿಗೆ ಎಡಗಡೆಯದು ಬಿತ್ತು. ಟ್ರಿಗರ್ ಹತ್ತಿರ ಯಾರ ಬೆರಳೂ ಇರಲಿಲ್ಲ. ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು.

ಇಲ್ಲಿ ಒಂದು ಮಾತು. ಬಹಳಷ್ಟು ಜೋಡು ನಳಿಗೆ ಬಂದೂಕುಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಹ್ಯಾಮರನ್ನು ಹಿಡಿದು ನಿಲ್ಲಿಸುವುದು ಸಿಯರ್ ಅನ್ನುವ ಸಣ್ಣ ಕೊಕ್ಕೆ. ಆ ಕೊಕ್ಕೆ ಸವೆದಿದ್ದರೆ ಸೇಫ್ಟಿ ಹಾಕಿದ್ದರೂ ಬಂದೂಕು ಬಿದ್ದಾಗ ಗುಂಡು ಹಾರಬಹುದು. ದುಬಾರಿ ಬಂದೂಕುಗಳಲ್ಲಿ ಹ್ಯಾಮರನ್ನು ಅಡ್ಡಗಟ್ಟಲು ಇನ್ನೊಂದು ಕೊಕ್ಕೆ ಇರುತ್ತದೆ. ಎಲ್ಲದರಲ್ಲೂ ಇರುವುದಿಲ್ಲ.

ಒಂದೇ ಟ್ರಿಗರ್ ಇರುವ ಜೋಡು ನಳಿಗೆಯಲ್ಲಿ ಮೊದಲ ಸಲ ಟಕ್ ಅಂದು, ಎರಡನೇ ಸಲ ಏನೂ ಆಗದಿದ್ದರೆ ಗಾಬರಿ ಬೇಡ. ಇಂಥ ಹಲವು ಬಂದೂಕುಗಳಲ್ಲಿ ಮೊದಲ ಗುಂಡಿನ ಒದೆತವೇ ಟ್ರಿಗರನ್ನು ಎರಡನೇ ನಳಿಗೆಗೆ ಬದಲಿಸುತ್ತದೆ. ಡಮ್ಮಿಯಲ್ಲಿ ಒದೆತ ಎಲ್ಲಿಂದ ಬರಬೇಕು? ಹಿಂಬದಿಯನ್ನು ಅಂಗೈಯಿಂದ ಒಮ್ಮೆ ಬಡಿದು ಮತ್ತೆ ಎಳೆದು ನೋಡಿ.

ಸೇಫ್ಟಿ ಯಾಕೆ ಸಿಕ್ಕಿಕೊಳ್ಳುತ್ತದೆ

ಟಾರ್ಚ್ ಹಿಡಿದು ಸೇಫ್ಟಿ ಸರಿಯುವ ಸಂದಿನೊಳಗೆ ನೋಡಿದೆ. ಕೆಂಪು, ಹಳದಿ! ಹಳೇ ಮಾಲೀಕರು ವರ್ಷಾ ವರ್ಷ ಖಂಡೇನವಮಿಗೆ ಅರಿಷಿಣ ಕುಂಕುಮ ಏರಿಸಿ, ಮೇಲೆ ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದಾರೆ. ಎಲ್ಲ ಸೇರಿ ಮೇಣದಂತಾಗಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಚಳಿಗಾಲದ ಒಂದು ಬೆಳಗು ಸಾಕು, ಅಲ್ವಾ? ಹಲ್ಲುಕಡ್ಡಿಯಿಂದ ಕೆರೆದು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿದೆ. ಆಮೇಲೆ ಬಂದೂಕಿನ ಎಣ್ಣೆ ಒಂದೇ ಹನಿ. ಜಾಸ್ತಿ ಹಾಕಿದರೆ ಅದು ಕಟ್ಟಿಗೆಗೆ ಇಳಿದು ಕಟ್ಟಿಗೆ ಮೆತ್ತಗಾಗುತ್ತದೆ.

ಇನ್ನೊಂದು ಕಾರಣ ಮಳೆ. ಬೇಸಿಗೆಯಲ್ಲಿ ಸರಾಗ ಸರಿಯುವ ಸೇಫ್ಟಿ ಶ್ರಾವಣದಲ್ಲಿ ಬಿಗಿಯಾದರೆ ಕಟ್ಟಿಗೆ ಉಬ್ಬಿ ಒಳಗಿನ ಕಬ್ಬಿಣಕ್ಕೆ ಒತ್ತುತ್ತಿರಬಹುದು. ಉಪ್ಪುಕಾಗದ ಹಿಡಿದು ಕೂರಬೇಡಿ. ಒಣಗಿದ ಜಾಗದಲ್ಲಿಟ್ಟು ಕೆಲವು ದಿನ ಬಿಟ್ಟು ನೋಡಿ.

ಸ್ಕ್ರೂಗಳನ್ನೂ ಗಮನಿಸಿ, ಇದು ಕೊಳ್ಳುವ ಮುಂಚೆಯೇ ನೋಡಬೇಕಾದದ್ದು. ಬಂದೂಕಿನ ಸ್ಕ್ರೂಗಳ ತಲೆಯ ಸೀಳು ತೀರಾ ಸಣ್ಣದು. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕಿತ್ತುಬರುತ್ತದೆ. ಕಿತ್ತ ಅಂಚು ಕಂಡರೆ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದೇ ತಿಳಿಯಿರಿ. "ಟ್ರಿಗರ್ ಹಗುರ ಮಾಡೇವಿ" ಎಂದು ಹೆಮ್ಮೆಯಿಂದ ಹೇಳುವವರ ಬಂದೂಕು ಮುಟ್ಟಲೇ ಬೇಡಿ. ಲಗೇಜು ತೂಗುವ ತಕ್ಕಡಿಯ ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ಹಿಂದಕ್ಕೆ ಎಳೆದರೆ ಟ್ರಿಗರ್ ಎಷ್ಟು ಹಗುರ ಎಂದು ಗೊತ್ತಾಗುತ್ತದೆ: ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಕೆಜಿಯೊಳಗೆ ಹ್ಯಾಮರ್ ಬೀಳಬೇಕು.

ರಿಪೇರಿಗೆ ಕೊಡುವಾಗ

ಮೊದಲ, ಎರಡನೇ ಅಥವಾ ನಾಲ್ಕನೇ ಪರೀಕ್ಷೆಯಲ್ಲಿ ಸೋತ ಬಂದೂಕಿಗೆ ತೋಟಾ ಹಾಕುವಂತಿಲ್ಲ. ಸ್ವಚ್ಛ ಮಾಡಿದ ಮೇಲೆ ಪಾಸಾದರೂ ಒಮ್ಮೆ ತೋರಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಯವನು ಎಷ್ಟೇ ಜಾಣನಿರಲಿ, ಅವನ ಕೈಗೆ ಕೊಡುವುದು ಅಪರಾಧ. ಒಯ್ಯುವಾಗ ನಿಮ್ಮ ಲೈಸೆನ್ಸ್ ಜೊತೆಗಿರಲಿ, ಬಂದೂಕು ಖಾಲಿ ಇದ್ದು ಚೀಲದಲ್ಲಿರಲಿ. ಒಬ್ಬರಿಂದೊಬ್ಬರು ಕೊಳ್ಳುವುದಾದರೆ ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಮೊದಲೇ ಬರೆದುಕೊಡಬೇಕು. ಆಮೇಲೆ 45 ದಿನ ಆಗುವ ತನಕ ಬಂದೂಕು ಕೈ ಬದಲಾಗುವಂತಿಲ್ಲ. ಬೆಳೆ ಕಾಯಲು ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿಗೋ ಚಿಗರಿಗೋ ಹೊಡೆಯಲು ಅನುಮತಿ ಸಿಕ್ಕಂತಲ್ಲ. ಅದು ಅರಣ್ಯ ಇಲಾಖೆಯ ಬೇರೆಯೇ ಲೆಕ್ಕ.

ಅಂಗಡಿಯವರಿಗೆ "ಏನೋ ಕೆಟ್ಟೈತಿ" ಎನ್ನಬೇಡಿ. ಯಾವ ನಳಿಗೆ, ಯಾವ ಪರೀಕ್ಷೆ, ಎಷ್ಟು ಸಲ ಎಂದು ಚೀಟಿಯಲ್ಲಿ ಬರೆದುಕೊಡಿ. ಕಾಕಾನ ಚೀಟಿಯಲ್ಲಿ "ಎಡ, ಕುಟ್ಟಿದಾಗ ಬೀಳುತ್ತದೆ, ಐದರಲ್ಲಿ ಎರಡು ಸಲ" ಎಂದಿತ್ತು. ರಿಪೇರಿಯವರು ನೇರ ಎಡಗಡೆಯ ಸಿಯರ್‌ಗೇ ಹೋದರು. ತುದಿ ದುಂಡಗಾಗಿತ್ತು. ಬಂದೂಕು ವಾಪಸ್ ಬಂದ ದಿನ ಕಾಕಾ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಡಮ್ಮಿ ಹಾಕಿ ನಾಲ್ಕೂ ಪರೀಕ್ಷೆ ಮಾಡಿದರು. ಕುಟ್ಟುವ ಪರೀಕ್ಷೆಯನ್ನು ಮಾತ್ರ ಹತ್ತು ಸಲ.