ಒಬ್ಬರೇ ಇರುವವರ ಅಡುಗೆಮನೆ

ಓದಿಗೋ ಉದ್ಯೋಗಕ್ಕೋ ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿ ಒಂಟಿಯಾಗಿ ಇರತೊಡಗಿದವರು, ಒಬ್ಬರಿಗೋಸ್ಕರ ಏನು ಅಡುಗೆ ಮಾಡುವುದು ಎಂದು ಬೇಸರಿಸಿ ಹೋಟೆಲಿನ ಪೊಟ್ಟಣಗಳಿಗೆ ಒಗ್ಗಿಕೊಳ್ಳುವುದುಂಟು. ಆದರೆ ಉಪ್ಪು, ಖಾರ, ಊಟದ ಹೊತ್ತು ಎಲ್ಲವೂ ನಮ್ಮ ನಾಲಿಗೆಯ ಮಾತನ್ನಷ್ಟೇ ಕೇಳುವ ಸುಖ ದೊರೆಯುವುದು ಇಲ್ಲಿಯೇ.

ಮೊದಲು ಪಾತ್ರೆಗಳನ್ನು ಚಿಕ್ಕದಾಗಿಸಿಕೊಳ್ಳಬೇಕು. ಮೂರು ಲೀಟರಿನ ಕುಕ್ಕರು, ಅದರೊಳಗೆ ಒಂದರ ಮೇಲೊಂದು ಕೂರುವ ಎರಡು ಡಬ್ಬಿ, ಒಂದು ಬಾಣಲೆ, ಒಂದು ಕಾವಲಿ ಸಾಕು. ಕೆಳಗಿನ ಡಬ್ಬಿಯಲ್ಲಿ ಒಂದು ಹಿಡಿ ತೊಗರಿಬೇಳೆ, ಮೇಲಿನದರಲ್ಲಿ ಅರ್ಧ ಲೋಟ ಅಕ್ಕಿಗೆ ಒಂದು ಲೋಟ ನೀರು ಇಟ್ಟರೆ ಒಂದೇ ಉರಿಯಲ್ಲಿ ಎರಡು ಹೊತ್ತಿನ ಅನ್ನವೂ ಸಾರಿಗೆ ಬೇಳೆಯೂ ಬೇಯುತ್ತವೆ. ರಾತ್ರಿಗೆಂದು ಉಳಿಸಿದ ಅನ್ನವನ್ನು ಬಿಸಿ ಆರಿದೊಡನೆ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು. ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಡೆದ ತೆಂಗಿನಕಾಯಿಯನ್ನು ಅಂದೇ ತುರಿದು ಫ್ರೀಜರಿಗೆ ಹಾಕಿದರೆ ವಾರಗಟ್ಟಲೆ ಚಿಂತೆಯಿಲ್ಲ.

ಒಬ್ಬರಿಗೆಂದೇ ಹೇಳಿ ಮಾಡಿಸಿದಂತಹ ಅಡುಗೆಯೆಂದರೆ, ನನ್ನ ಮಟ್ಟಿಗೆ, ಮಲೆನಾಡಿನ ಕಡೆಯ ತಂಬುಳಿ. ಕಿಟಕಿಯ ಬಳಿ ಕುಂಡದಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ನೆಟ್ಟರೆ ಅದು ತಾನೇ ಹಬ್ಬಿಕೊಳ್ಳುತ್ತದೆ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ಆರೆಂಟು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಎಲೆಯ ದಪ್ಪ ಇಳಿದು ಹಸಿ ವಾಸನೆ ಹೋದ ಮೇಲೆ ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದು ಲೋಟ ಗಟ್ಟಿ ಮಜ್ಜಿಗೆಯಲ್ಲಿ ಕದಡಿ, ಸಾಸಿವೆ ಮತ್ತು ಬ್ಯಾಡಗಿ ಮೆಣಸಿನ ಒಗ್ಗರಣೆ ಕೊಡಬೇಕು. ಇದನ್ನು ಕುದಿಸುವ ಕೆಲಸವಿಲ್ಲ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡು, ಉಳಿದದ್ದನ್ನು ಲೋಟದಲ್ಲಿ ಕುಡಿದರೆ ತಪ್ಪೆನ್ನುವವರು ಯಾರೂ ಇರುವುದಿಲ್ಲ.

ತರಕಾರಿಯನ್ನು ಕಾಲು ಕೆಜಿಗಿಂತ ಹೆಚ್ಚು ಕೊಳ್ಳಬಾರದು. ತಳ್ಳುಗಾಡಿಯವರ ಪರಿಚಯ ಬೆಳೆದರೆ ಒಂದೇ ಬದನೆಕಾಯಿ, ಎರಡೇ ಕ್ಯಾರೆಟ್ ಕೇಳಲು ಸಂಕೋಚವಾಗುವುದಿಲ್ಲ.

ದೋಸೆಹಿಟ್ಟನ್ನು ಮಾತ್ರ ಧಾರಾಳವಾಗಿ ರುಬ್ಬಿಡಬಹುದು. ಒಂದು ಪಾಲು ಉದ್ದಿಗೆ ಮೂರು ಪಾಲು ಅಕ್ಕಿ ಹಾಕಿ ರುಬ್ಬಿದ ಹಿಟ್ಟು, ಉಬ್ಬಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ, ಮೂರು ನಾಲ್ಕು ಬೆಳಗಿಗೆ ಒದಗುತ್ತದೆ. ಕೊನೆಗೆ ಹುಳಿ ಹೆಚ್ಚಾದಾಗ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು ಮಾಡಿಕೊಳ್ಳಬಹುದು. ತುಂಬಿದ ಮನೆಯಲ್ಲಿ ದೋಸೆ ಹುಯ್ಯುವವರ ಪಾಲಿಗೆ, ಅವರು ಸಾಮಾನ್ಯವಾಗಿ ಹೆಂಗಸರೇ, ಎಲ್ಲರದೂ ಆದ ಮೇಲೆ ಉಳಿದದ್ದು ಬರುತ್ತದೆ. ಇಲ್ಲಿ ಹುಯ್ದವರೇ ಒಲೆಯ ಪಕ್ಕ ತಟ್ಟೆ ಇಟ್ಟುಕೊಂಡು, ಮೊದಲ ದೋಸೆಯನ್ನು ಗರಿಗರಿಯಾಗಿರುವಾಗಲೇ ತಿಂದು ಮುಗಿಸಿ, ಆಮೇಲೆ ಎರಡನೆಯದಕ್ಕೆ ಹಿಟ್ಟು ಹುಯ್ಯಬಹುದು.