ಎಮಿಷನ್ ಟೆಸ್ಟ್‌ಗೆ ಹೋಗುವ ಮುನ್ನ: ಕಾರಿನ ಮಾಮೂಲಿ ಆರೈಕೆ ಮತ್ತು ಚೀಟಿಯ ಅಂಕಿ ಓದುವ ಬಗೆ

ಬಂಕ್ ಪಕ್ಕದ ಎಮಿಷನ್ ಸೆಂಟರಿನಲ್ಲಿ ಕಾರು ಫೇಲಾದಾಗ ಕೆಲವರು ಪ್ಲಗ್, ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಲ್ಲವನ್ನೂ ಒಟ್ಟಿಗೆ ಮಾಡಿಸಿಬಿಡುತ್ತಾರೆ. ಇನ್ನು ಕೆಲವರು ಸೈಲೆನ್ಸರಿಗೆ ಹೊಗೆ ಅಳೆಯುವ ಪ್ರೋಬ್ ತೂರಿಸದೆಯೇ ಚೀಟಿ ಕೊಡುವ ಜಾಗ ಹುಡುಕುತ್ತಾರೆ. ಎರಡೂ ದಂಡ. ತೊಂದರೆ ಎಲ್ಲಿದೆ ಅನ್ನುವುದನ್ನು ಯಂತ್ರ ಕೊಡುವ ಅಂಕಿಗಳೇ ಬಹುಪಾಲು ಹೇಳುತ್ತವೆ. ಅದನ್ನು ಓದದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು.

ಮೊದಲು ನಿಮ್ಮ ಕಾರು ಯಾವ ಭಾರತ್ ಸ್ಟೇಜಿನದು ನೋಡಿಕೊಳ್ಳಿ. ಬೆಂಗಳೂರಿಗೆ ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ. ಉಳಿದ ಕಡೆ ಹಂತಹಂತವಾಗಿ ಬಂದು 2017ರ ಏಪ್ರಿಲ್‌ಗೆ ದೇಶಪೂರ್ತಿ ಆಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6. ಬಿಎಸ್-2 ಮತ್ತು ಬಿಎಸ್-3 ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ಶೇ 0.5 ಕಾರ್ಬನ್ ಮಾನಾಕ್ಸೈಡ್ (ಸಿಒ), 750 ಪಿಪಿಎಂ ಹೈಡ್ರೋಕಾರ್ಬನ್ (ಎಚ್‌ಸಿ, ಅಂದರೆ ಉರಿಯದ ಇಂಧನ) ಮೀರುವಂತಿಲ್ಲ. ಅದಕ್ಕೂ ಹಳೆಯ ಕಾರುಗಳಿಗೆ ಮಿತಿ ಶೇ 3 ಮತ್ತು 1500 ಪಿಪಿಎಂ. ಬಿಎಸ್-4 ಮತ್ತು ನಂತರದವಕ್ಕೆ ಶೇ 0.3 ಮತ್ತು 200 ಪಿಪಿಎಂ. ಜೊತೆಗೆ ಎಂಜಿನ್ನನ್ನು 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದಾಗ ಸಿಒ ಶೇ 0.2ರ ಒಳಗಿರಬೇಕು, ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಹದದ ಅಳತೆ; 1 ಅಂದರೆ ಸರಿಯಾದ ಹದ, ಕಡಿಮೆಯಾದರೆ ಪೆಟ್ರೋಲ್ ಹೆಚ್ಚು) 0.97ರಿಂದ 1.03ರ ನಡುವೆ ಇರಬೇಕು. ಆರೋಗ್ಯವಾಗಿರುವ ಬಿಎಸ್-4 ಕಾರು ಬಿಸಿಯಾದ ಮೇಲೆ ಈ ಮಿತಿಗಿಂತ ಎಷ್ಟೋ ಕೆಳಗಿರುತ್ತದೆ. ಮಿತಿಯ ಅಂಚಿನಲ್ಲಿ ಪಾಸಾದ ಕಾರನ್ನು ಪಾಸಾಯಿತೆಂದು ಮರೆತುಬಿಡಬೇಡಿ.

ಟೆಸ್ಟಿಗೆ ಮುಂಚಿನ ಆರೈಕೆ

ಆಯಿಲ್ ಚೇಂಜ್ ಹತ್ತಿರವಿದ್ದರೆ ಟೆಸ್ಟಿಗೆ ಮುಂಚೆಯೇ ಮಾಡಿಸಿ. ಟ್ರಾಫಿಕ್ಕಿನಲ್ಲಿ ನಾಲ್ಕೈದು ಕಿಲೋಮೀಟರಿನ ಓಡಾಟವೇ ಹೆಚ್ಚಾದ ಕಾರಿನಲ್ಲಿ ಉರಿಯದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಆಯಿಲ್‌ಗೆ ಇಳಿಯುತ್ತದೆ. ಎಂಜಿನ್ ಬಿಸಿಯಾದಾಗ ಅದೇ ಆವಿಯಾಗಿ ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಆವಿಯನ್ನು ಸುಡಲು ಮರಳಿಸುವ ಕವಾಟ) ಮೂಲಕ ಮತ್ತೆ ಇನ್‌ಟೇಕ್ ಸೇರುತ್ತದೆ, ಸಿಒ ಮತ್ತು ಎಚ್‌ಸಿ ಎರಡನ್ನೂ ಏರಿಸುತ್ತದೆ. ಕಂಪನಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿದ್ದರೂ ಬರೀ ಸಿಟಿ ಓಡಾಟದ ಕಾರಿಗೆ 6–7 ಸಾವಿರಕ್ಕೆ ಬದಲಿಸುವುದು ಒಳ್ಳೆಯದು.

ನೀವೇ ಬದಲಿಸುವುದಾದರೆ ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ. ಉಗುರುಬೆಚ್ಚಗಿನ ಆಯಿಲ್ ಕೊಳೆಯನ್ನು ಹೊತ್ತುಕೊಂಡೇ ಇಳಿಯುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಡ್ರೈನ್ ನಟ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ನೋಡಿ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ, ರಿಂಗ್ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಮೂರು ಲೀಟರ್ ಆಜುಬಾಜು ಹಿಡಿಸುತ್ತದೆ. ಅಳತೆ ಮತ್ತು ಗ್ರೇಡ್ ಎರಡನ್ನೂ ಮ್ಯಾನುಯಲ್ಲಿನಲ್ಲಿ ನೋಡಿ, ಕೊನೆಯ ಕಾಲು ಲೀಟರನ್ನು ಡಿಪ್‌ಸ್ಟಿಕ್ ನೋಡುತ್ತಾ ಹಾಕಿ. ಮೇಲಿನ ಗೆರೆ ದಾಟಿಸಿದರೆ ಹೆಚ್ಚಾದ ಆಯಿಲ್ ಅದೇ ಪಿಸಿವಿ ದಾರಿಯಲ್ಲಿ ಒಳಹೋಗಿ ಸುಡುತ್ತದೆ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಏರ್ ಫಿಲ್ಟರ್ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಕಾರ್ಬುರೇಟರ್ ಕಾಲದ ಮಾರುತಿ 800ರಲ್ಲಿ ಫಿಲ್ಟರ್ ಕಟ್ಟಿದರೆ ಸಿಒ ನೇರವಾಗಿ ಏರುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆದು ಪೆಟ್ರೋಲ್ ಬಿಡುವುದರಿಂದ ಮೊದಲು ಸೊರಗುವುದು ಪಿಕಪ್. ಎಮಿಷನ್ ಅಷ್ಟಾಗಿ ಕೆಡುವುದಿಲ್ಲ. ಹಾಗಂತ ಬಿಡುವಂತಿಲ್ಲ. ಬಳ್ಳಾರಿ–ಸಂಡೂರಿನ ಅದಿರು ಧೂಳಿನಲ್ಲಿ, ಕಲಬುರಗಿ–ವಿಜಯಪುರದ ಬೇಸಿಗೆಯಲ್ಲಿ ಓಡಾಡುವ ಕಾರಿನ ಫಿಲ್ಟರನ್ನು 5,000 ಕಿಲೋಮೀಟರಿಗೊಮ್ಮೆ ತೆಗೆದು ನೋಡಬೇಕು. ಹಿಂದಿನಿಂದ ಟಾರ್ಚ್ ಹಿಡಿದಾಗ ಬೆಳಕು ಕಾಣದಿದ್ದರೆ ಬದಲಿಸಿ. ಗಾಳಿ ಹೊಡೆಯುವುದಾದರೆ ಶುದ್ಧ ಗಾಳಿ ಹೊರಡುವ ಮಗ್ಗುಲಿನಿಂದ, ಕಡಿಮೆ ಒತ್ತಡದಲ್ಲಿ, ದೂರದಿಂದ ಹೊಡೆಯಿರಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು.

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಬಿಸಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಥ್ರೆಡ್ ಕಿತ್ತುಬರುತ್ತದೆ. ಬಿಚ್ಚುವ ಮುಂಚೆ ಗುಂಡಿಯೊಳಗಿನ ಧೂಳನ್ನು ಊದಿಬಿಡಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಉರಿತ ಸರಿಯಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಕರಿ ಜಿಡ್ಡಿದ್ದರೆ ಆಯಿಲ್ ಬರುತ್ತಿದೆ: ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಪ್ಲಗ್ ಬದಲಿಸಿ ಇದನ್ನು ಗೆಲ್ಲಲಾಗದು. ಗ್ಯಾಪನ್ನು ಫೀಲರ್ ಗೇಜಿನಲ್ಲಿ ಅಳೆದು ಮ್ಯಾನುಯಲ್ಲಿನ ಅಂಕಿಗೆ ತನ್ನಿ. ಇರಿಡಿಯಂ ಪ್ಲಗ್ಗಾದರೆ ವೈರ್ ಬ್ರಷ್ ತಾಗಿಸಬೇಡಿ, ಗ್ಯಾಪಿನ ತಂಟೆಗೂ ಹೋಗಬೇಡಿ. ಹೊಸ ಪ್ಲಗ್ಗನ್ನು ಕೈಯಲ್ಲೇ ಕೊನೆತನಕ ತಿರುಗಿಸಿ, ನಂತರ ಟಾರ್ಕ್ ರೆಂಚಿನಲ್ಲಿ 14 ಮಿಲಿಮೀಟರ್ ಥ್ರೆಡ್ಡಿಗೆ 25–30 ನ್ಯೂಟನ್ ಮೀಟರ್, 12 ಮಿಲಿಮೀಟರ್ ಥ್ರೆಡ್ಡಿಗೆ 15–20 ಕೊಡಿ.

ನಮ್ಮಲ್ಲಿ ಎಮಿಷನ್ ಕೆಡಿಸುವುದರಲ್ಲಿ ಯಾರ ಗಮನಕ್ಕೂ ಬಾರದ ಭಾಗವೆಂದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್. ‘ನಮ್ಮ ಸೆಖೆಗೆ ಇದು ಬೇಡ ಸಾರ್’ ಎಂದು ಅದನ್ನು ಕಿತ್ತೇ ಹಾಕುವ ಗ್ಯಾರೇಜುಗಳಿವೆ. ಅದು 82–88 ಡಿಗ್ರಿಯ ಹತ್ತಿರ ತೆರೆದುಕೊಳ್ಳಬೇಕು. ಇಲ್ಲದಿದ್ದರೆ, ಅಥವಾ ತೆರೆದೇ ಸಿಕ್ಕಿಕೊಂಡಿದ್ದರೆ, ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಹೀಟರಿನಲ್ಲಿ ಬಿಸಿಗಾಳಿ ಬರುವುದಿಲ್ಲ, ಮಡಿಕೇರಿಯಂಥ ಚಳಿ ಊರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇಳುವುದೇ ಇಲ್ಲ. ಇಂಥ ಕಾರಿಗೆ ಎಷ್ಟು ಪ್ಲಗ್ ಹಾಕಿದರೂ ಸಿಒ ಇಳಿಯದು.

ಸೈಲೆನ್ಸರ್ ಒಳಗಿನಿಂದ ಕೊಳೆಯುತ್ತದೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಸಣ್ಣ ಓಡಾಟದಲ್ಲಿ ಹಿಂದಿನ ಡಬ್ಬ ಬಿಸಿಯಾಗದೆ ಆ ನೀರು ಅಲ್ಲೇ ನಿಲ್ಲುತ್ತದೆ. ಕರಾವಳಿಯಲ್ಲಿ ಹೊರಗಿನ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಪರೀಕ್ಷಿಸಲು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಪೈಪಿನ ಬಾಯನ್ನು ಒಂದೆರಡು ಸೆಕೆಂಡ್ ಅದುಮಿ. ಸದ್ದು ಉಡುಗಿ ಎಂಜಿನ್ ತಡವರಿಸಿದರೆ ಪೈಪ್ ಗಟ್ಟಿಯಿದೆ. ಕೆಳಗಿನಿಂದ ‘ಫಸ್’ ಎಂದರೆ ತೂತು ಅಲ್ಲೇ. ಬಯಲಿನಲ್ಲಿ ಮಾಡಿ, ಶೆಡ್ಡಿನೊಳಗೆ ಬೇಡ.

ಜಾಕ್ ಏರಿಸಿದ್ದಾಗಲೇ ಉಳಿದವನ್ನೂ ನೋಡಿಬಿಡಿ, ಎಮಿಷನ್ನಿಗೆ ಸಂಬಂಧವಿಲ್ಲದಿದ್ದರೂ: ಬ್ರೇಕ್ ಪ್ಯಾಡ್ 3 ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ, ಟಯರಿನ ಗೀರು 1.6 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಿ. ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.5 ತೋರಿಸಬೇಕು.

ಚೀಟಿ ಓದುವುದು

ಸಿಒ ಮಾತ್ರ ಏರಿ ಲ್ಯಾಂಬ್ಡಾ 0.97ಕ್ಕಿಂತ ಇಳಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಅನುಮಾನದ ಸಾಲಿನಲ್ಲಿ ಮೊದಲಿಗೆ ಥರ್ಮೋಸ್ಟಾಟ್ ಮತ್ತು ಕೂಲಂಟ್ ಟೆಂಪರೇಚರ್ ಸೆನ್ಸರ್, ನಂತರ ಆಕ್ಸಿಜನ್ ಸೆನ್ಸರ್, ಕೊನೆಗೆ ಸೋರುವ ಇಂಜೆಕ್ಟರ್. ಈ ಸಾಲು ಅಗ್ಗದಿಂದ ದುಬಾರಿಯ ಕಡೆಗೂ ಹೋಗುತ್ತದೆ, ಅದನ್ನೇ ಹಿಡಿದು ನಡೆಯಿರಿ.

ಎಚ್‌ಸಿ ಏರಿ ಸಿಒ ಸರಿಯಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ, ಅಂದರೆ ಮಿಸ್‌ಫೈರ್. ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಇಲ್ಲವೇ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿರುವ ವ್ಯಾಕ್ಯೂಮ್ ಪೈಪ್. ಕಾಯಿಲ್ ಕೆಟ್ಟಿದೆಯೇ ತಿಳಿಯಲು ಹೊಸದು ಕೊಳ್ಳಬೇಕಿಲ್ಲ. ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡಿ. ಸ್ಕ್ಯಾನರಿನಲ್ಲಿ ಪಿ0301 (ಒಂದನೇ ಸಿಲಿಂಡರಿನ ಮಿಸ್‌ಫೈರ್ ಕೋಡ್) ಇದ್ದದ್ದು ಪಿ0302 (ಎರಡನೆಯದರದು) ಆದರೆ ಕಾಯಿಲೇ ಕಳ್ಳ. ಕೋಡ್ ಕದಲದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ: ಹಸಿ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ (ಹೊಗೆಯ ವಿಷಾನಿಲ ತಗ್ಗಿಸುವ ಭಾಗ) ಉರಿದು ಅದರ ಒಳಗೂಡನ್ನು ಕರಗಿಸುತ್ತದೆ, ಮುನ್ನೂರು ರೂಪಾಯಿಯ ಪ್ಲಗ್ಗಿನ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಸಿಒ, ಎಚ್‌ಸಿ ಎರಡೂ ಕಡಿಮೆಯಿದ್ದು ಲ್ಯಾಂಬ್ಡಾ ಮಾತ್ರ 1.03 ದಾಟಿದ್ದರೆ ಖುಷಿಪಡಬೇಡಿ, ಗಾಬರಿಯೂ ಬೇಡ. ಹೊಗೆಯ ಜೊತೆ ಹೊರಗಿನ ಗಾಳಿ ಬೆರೆಯುತ್ತಿದೆ. ಸೈಲೆನ್ಸರ್ ತೂತಾಗಿರಬಹುದು, ಅಥವಾ ಪ್ರೋಬನ್ನು ಸರಿಯಾಗಿ ತೂರಿಸಿಲ್ಲ. ಅದು 30 ಸೆಂಟಿಮೀಟರ್ ಒಳಗೆ ಹೋಗಬೇಕು. ಚೀಟಿಯಲ್ಲಿ ಆಮ್ಲಜನಕ ಹೆಚ್ಚಿದ್ದು ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದರೆ ಇದು ಖಾತ್ರಿ. ಬಿಗಿಯಾದ ಪೈಪಿನಲ್ಲಿ ಡೈಆಕ್ಸೈಡ್ ಶೇ 14–15ರ ಹತ್ತಿರ ಬರುತ್ತದೆ. ಮೊದಲು ಪ್ರೋಬ್ ಸರಿಯಾಗಿ ಹಾಕಿಸಿ ಮತ್ತೊಮ್ಮೆ ಅಳೆಸಿ.

ಲ್ಯಾಂಬ್ಡಾ ಸರಿಯಿದ್ದು ಸಿಒ, ಎಚ್‌ಸಿ ಎರಡೂ ಮಿತಿಗಿಂತ ತುಸು ಮೇಲಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಆದರೆ ಅದು ಸತ್ತಿದೆಯೋ, ತಣ್ಣಗಿದೆಯೋ? ಸುಮಾರು 250–300 ಡಿಗ್ರಿ ಬಿಸಿಯಾಗುವವರೆಗೆ ಒಳ್ಳೆಯ ಕನ್ವರ್ಟರೂ ಸುಮ್ಮನೆ ಕೂತಿರುತ್ತದೆ. ಕನ್ವರ್ಟರ್ ದುರ್ಬಲವಾಗಿದೆ ಎನ್ನುವ ಪಿ0420 ಕೋಡ್ ಬಂದ ತಕ್ಷಣ ಹೊಸದಕ್ಕೆ ಹಣ ಹೊಂದಿಸುವ ಮುನ್ನ ಸೈಲೆನ್ಸರ್ ಲೀಕ್, ಮಿಸ್‌ಫೈರ್, ಆಕ್ಸಿಜನ್ ಸೆನ್ಸರ್ ಮೂರನ್ನೂ ನೋಡಿ ಮುಗಿಸಿ.

ಟೆಸ್ಟಿನ ದಿನ

ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಹಿಂದಿನ ದಿನವೇ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಕೂಡಿದಾಗ ಮೈನಸ್ ಹತ್ತರಿಂದ ಪ್ಲಸ್ ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಈಗಿನ ಶೇ 20 ಎಥೆನಾಲ್ ಪೆಟ್ರೋಲಿನಿಂದ ಹಳೆಯ ಕಾರುಗಳ ಟ್ರಿಮ್ ತುಸು ಪ್ಲಸ್ ಕಡೆಗೆ ವಾಲುವುದು ಸಹಜ. ಕೋಡ್ ಅಳಿಸಿ ನೇರ ಟೆಸ್ಟಿಗೆ ಹೋಗಬೇಡಿ: ಕಲಿತ ಟ್ರಿಮ್ಮೂ ಅದರ ಜೊತೆ ಅಳಿಸಿಹೋಗುತ್ತದೆ, ಎಂಜಿನ್ ಮತ್ತೆ ಕಲಿಯುವವರೆಗೆ ಅಂಕಿ ಏರುಪೇರಾಗುತ್ತದೆ.

ಇಪ್ಪತ್ತು–ಇಪ್ಪತ್ತೈದು ನಿಮಿಷ ತಡೆಯಿಲ್ಲದ ರಸ್ತೆಯಲ್ಲಿ ಓಡಿಸಿಕೊಂಡು ಸೆಂಟರ್ ತಲುಪಿ. ಅಲ್ಲಿ ಕ್ಯೂ ಉದ್ದವಿದ್ದು ಅರ್ಧ ಗಂಟೆ ಆಫ್ ಮಾಡಿ ನಿಂತರೆ ಬಿಸಿಯೆಲ್ಲ ಹೋಯಿತು. ಸರದಿ ಹತ್ತಿರ ಬಂದಾಗ ಎರಡು ಮೂರು ನಿಮಿಷ 2500 ಆರ್‌ಪಿಎಂನಲ್ಲಿ ಹಿಡಿಯಿರಿ. ಎಸಿ, ಹೆಡ್‌ಲೈಟ್ ಆಫ್ ಇರಲಿ. ‘ಎಮಿಷನ್ ಪಾಸ್ ಮಾಡಿಸುವ’ ಬಾಟಲಿ ಔಷಧಿಗಳ ಹಣವನ್ನು ಒಂದು ಸೆಟ್ ಪ್ಲಗ್ಗಿಗೆ ಹಾಕಿ.

ಡೀಸೆಲ್ ಕಾರಿನ ಕಥೆ ಬೇರೆ. ಅಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನನ್ನು ಗವರ್ನರ್ ಮಿತಿಯವರೆಗೆ (ಎಂಜಿನ್ನಿಗೆ ಕಟ್ಟಿದ ಗರಿಷ್ಠ ವೇಗ) ಮತ್ತೆ ಮತ್ತೆ ರೇಸ್ ಮಾಡಿ ಹೊಗೆಯ ಸಾಂದ್ರತೆ, ಅಂದರೆ ಅದು ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅಳೆಯುತ್ತಾರೆ. ಬಿಎಸ್-3ರವರೆಗೆ ಮಿತಿ ಮೀಟರಿಗೆ 2.45, ಬಿಎಸ್-4ಕ್ಕೆ 1.62. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾಗಿದ್ದು ಬೆಲ್ಟಿನ ಅವಧಿ ಮೀರಿದ್ದರೆ ಈ ರೇಸಿಂಗಿನಲ್ಲೇ ಅದು ಹರಿದು ವಾಲ್ವ್ ಬಾಗಬಹುದು. ಮೊದಲು ಬೆಲ್ಟ್, ಆಮೇಲೆ ಟೆಸ್ಟ್. ಡೀಸೆಲ್‌ಗೆ ಏರ್ ಫಿಲ್ಟರ್ ನಿಜಕ್ಕೂ ಮುಖ್ಯ, ಗಾಳಿ ಕಡಿಮೆಯಾದರೆ ಕರಿ ಹೊಗೆಯೇ. ಟರ್ಬೊದಿಂದ ಇನ್‌ಟೇಕಿಗೆ ಹೋಗುವ ರಬ್ಬರ್ ಹೋಸಿನ ಸೀಳನ್ನೂ ಬೆರಳಾಡಿಸಿ ನೋಡಿ. ಸಿಟಿಯಲ್ಲೇ ಓಡಿದ ಗಾಡಿಯ ಪೈಪಿನಲ್ಲಿ ಮಸಿ ಕಟ್ಟಿರುತ್ತದೆ, ಟೆಸ್ಟಿಗೆ ಮುಂಚೆ ತುಮಕೂರು ರಸ್ತೆಯಂಥ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ. ಬಿಎಸ್-6ರ ಡಿಪಿಎಫ್ (ಡೀಸೆಲ್ ಮಸಿ ಹಿಡಿಯುವ ಫಿಲ್ಟರ್) ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲೂ ಅದೇ ಓಟ ಬೇಕು. ಅದು ನಡೆಯುತ್ತಿರುವಾಗ ಎಂಜಿನ್ ಆಫ್ ಮಾಡಬೇಡಿ.

ಫೇಲಾದರೆ ರಿಜೆಕ್ಷನ್ ಸ್ಲಿಪ್ ಕೇಳಿ ಪಡೆಯಿರಿ. 2021ರಿಂದ ಅದಕ್ಕೆ ನಿಯಮದಲ್ಲೇ ಜಾಗವಿದೆ, ಮೆಕ್ಯಾನಿಕ್ಕಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ಪಾಸಾದರೆ ಕೌಂಟರ್ ಬಿಡುವ ಮುಂಚೆ ಗಾಡಿ ನಂಬರ್, ಇಂಧನ, ಭಾರತ್ ಸ್ಟೇಜ್ ಮೂರನ್ನೂ ಓದಿ. ಬಿಎಸ್-4 ಮತ್ತು ಬಿಎಸ್-6 ಕಾರಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಹಳೆಯವಕ್ಕೆ ಆರೇ ತಿಂಗಳು. ಸ್ಟೇಜ್ ತಪ್ಪಾಗಿ ಬಿದ್ದಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ.